ವಾರಕ್ಕೆ ಇಪ್ಪತ್ತು ತಾಸು

"ಚೀಲ ಇಳಿಸಬ್ಯಾಡಲೇ. ಹಂಗ ನಿಂದ್ರು."

ಅಪ್ಪ ನಿಂತ. ಬೆನ್ನ ಮೇಲೆ ಎಪ್ಪತ್ತೈದು ಕಿಲೋ ಭತ್ತದ ಚೀಲ. ಲಾರಿಯಿಂದ ಗೋದಾಮಿಗೆ ಹೊರುವ ದಾರಿಯ ನಟ್ಟನಡುವೆ ಧಣಿ ದೊಡ್ಡಬಸಪ್ಪ ಅಡ್ಡ ಬಂದು ಕೈ ಎತ್ತಿದ್ದ. ಹೊತ್ತವನು ನಡೆಯುತ್ತಿದ್ದರೆ ಭಾರ ಅಷ್ಟಾಗಿ ಗೊತ್ತಾಗುವುದಿಲ್ಲ, ನಿಂತರೆ ಸೊಂಟಕ್ಕೆ ಇಳಿಯುತ್ತದೆ. ಇದು ಹಮಾಲನ ಮಗಳಾದ ನನಗೆ ಗೊತ್ತು. ಮೂವತ್ತು ವರ್ಷದಿಂದ ಕಂಪ್ಲಿಯಲ್ಲಿ ರೈಸ್ ಮಿಲ್ಲು ನಡೆಸುವ ಧಣಿಗೂ ಗೊತ್ತು.

"ನಿನ್ನ ಮಗಳು ತನ್ನ ಏನಂತ ತಿಳ್ಕಂಡಾಳಲೇ ಮುದುಕಪ್ಪ? ವಿಮಾನ ಹತ್ತಿದ ಕೂಡ್ಲೇ ರಾಣಿ ಆಗಿಬಿಟ್ಲೇನು? ನಾಕು ದಿನ ಆತು ನಮ್ಮ ಅಳಿಯನ ಹೋಟ್ಲು ಬಿಟ್ಟು ಹೋಗಿ. ಒಂದು ಫೋನಿಲ್ಲ, ಮಾತಿಲ್ಲ. ಕೂಸಿನ್ನ ಹಿಡಿಯಾಕ ಜನ ಇಲ್ದ ನನ್ನ ಮಗಳು ಅಳ್ತಾ ಕುಂತಾಳ ಅಲ್ಲಿ."

"ನನಗ ಗೊತ್ತಿಲ್ರಿ ಧಣೇರ. ಕೇಳ್ತೀನ್ರಿ." ಅಪ್ಪ ಮಾತಾಡಿದ್ದು ಧಣಿಯ ಚಪ್ಪಲಿಗೆ. ಚೀಲ ಹೊತ್ತ ಕುತ್ತಿಗೆ ಅದಕ್ಕಿಂತ ಮೇಲೆ ಏಳುವುದಿಲ್ಲ.

"ಏನ್ ಕೇಳ್ತೀ ಲೌಡಿಮಗನ? ಹೇಳು! ಅಪ್ಪ ಆದವ ಹೇಳ್ಬೇಕು, ಕೇಳಬಾರ್ದು."

ನಾನು, ಅವ್ವ, ಇನ್ನೂ ಹತ್ತು ಹೆಂಗಸರು ಕಣದಲ್ಲಿದ್ದೆವು. ಕುದಿಸಿದ ಭತ್ತವನ್ನು ಹಬೆಯಾಡುವಾಗಲೇ ಸಿಮೆಂಟಿನ ಕಣದ ಮೇಲೆ ಸುರಿಯುತ್ತಾರೆ. ನಾವು ಸಾಲಾಗಿ ನಿಂತು ಕಾಲೆಳೆದು ಅದನ್ನು ತಿರುವುತ್ತ ಹೋಗಬೇಕು, ಅರ್ಧ ತಾಸಿಗೊಮ್ಮೆ, ಬೆಳಗಿನಿಂದ ಸಂಜೆಯವರೆಗೆ. ಹೊತ್ತಿಗೆ ಸರಿಯಾಗಿ ತಿರುವದಿದ್ದರೆ ಅಕ್ಕಿ ಒಡೆದು ನುಚ್ಚಾಗುತ್ತದೆ. ಮಿಲ್ಲಿಗೆ ಡ್ರೈಯರ್ ಬಂದು ಆರು ವರ್ಷವಾಯಿತು. ಕರೆಂಟಿಗಿಂತ ನಮ್ಮ ಕಾಲು ಅಗ್ಗ, ಹಾಗಾಗಿ ಅದಕ್ಕೆ ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ.

ಅವ್ವ ಅಪ್ಪನ ಕಡೆ ನೋಡುತ್ತ ನಿಂತುಬಿಟ್ಟಳು. ಪಕ್ಕದಲ್ಲಿದ್ದ ಬಸಕ್ಕ, ನಮ್ಮ ಗೋಡೆ ಆಚೆಯ ಖೋಲಿಯವಳು, ಮೊಣಕೈಯಲ್ಲಿ ತಿವಿದಳು. "ಕಾಲು ಆಡ್ಸು ವಿರುಪವ್ವ. ನಿಂತ್ರ ನಿನ್ನೂ ಬೈತಾನ ಹಾಟ್ಯಾ."

"ನಾಳೆ ಹನ್ನೊಂದೂವರಿಗೆ ಮೂರೂ ಮಂದಿ ಮನಿ ಕಟ್ಟಿ ಹತ್ರ ಬರ್ರಿ," ಎಂದ ಧಣಿ. ಈಗ ಅವನ ದನಿ ಕಣದ ಕಡೆಗೇ ತಿರುಗಿತ್ತು. "ಫೋನ್ ಹಚ್ಚಿ ಕೊಡ್ತೀನಿ. ಆಕಿ ಹೋಗಿ ಅಳಿಯನ ಕಾಲು ಹಿಡ್ದು ಕೆಲ್ಸಕ್ಕ ನಿಲ್ಲಬೇಕು, ನಾಳೇನ. ಇಲ್ಲಂದ್ರ ಲೈನಿನ ಖೋಲಿ ಖಾಲಿ ಮಾಡು. ಅಳಿಯ ಆಕಿ ಕಾಲೇಜಿಗೆ ಬರೀತಾನ, ಮಾಡಬಾರದ ಕೆಲ್ಸ ಮಾಡ್ಯಾಳ ಅಂತ. ವೀಸಾ ಕಿತ್ತು ವಿಮಾನಕ್ಕ ತುಂಬಿ ಒಗೀತಾರ."

ಇಷ್ಟು ಹೇಳಿ ದಾರಿ ಬಿಟ್ಟ. ಅಪ್ಪ ಗೋದಾಮಿಗೆ ಹೋದ. ಮಾಡಬಾರದ ಕೆಲಸ ಅಂದಾಗ ಕಣದ ಹೆಂಗಸರೆಲ್ಲ ತಲೆ ಎತ್ತಿದ್ದರು. ದೂರದೇಶಕ್ಕೆ ಒಬ್ಬಳೇ ಹೋದ ಹುಡುಗಿಯ ಬಗ್ಗೆ ಹಾಗಂದರೆ ಯಾರ ಮನಸ್ಸು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದೆ ಇಲ್ಲ. ನನ್ನ ತಂಗಿ ಮಾಡಿದ ತಪ್ಪು ಇಷ್ಟೇ: ವಾರಕ್ಕೆ ಇಪ್ಪತ್ತು ತಾಸು ಮಾತ್ರ ದುಡಿಯಬೇಕಾದವಳು ನಲವತ್ತೈದು ತಾಸು ದುಡಿದಳು. ದುಡಿಸಿಕೊಂಡವನು ಇವನ ಅಳಿಯ ಮಲ್ಲೇಶ.

ನಾನು ಭಾಗ್ಯ. ತುಳಸಿಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮದು ಪಾಪಿನಾಯಕನಹಳ್ಳಿ. ಅಪ್ಪ ಮೊದಲು ಸಂಡೂರಿನ ಗಣಿಯಲ್ಲಿ ಅದಿರು ತುಂಬುತ್ತಿದ್ದ. ಗಣಿ ನಿಂತ ವರ್ಷ ಕಂಪ್ಲಿಗೆ ಬಂದು ಈ ಮಿಲ್ಲಿನ ಹಿಂದಿನ ಲೈನಿನಲ್ಲಿ ಒಂದು ಖೋಲಿ ಹಿಡಿದೆವು. ಬಾಡಿಗೆ ಇಲ್ಲ. ಬಾಡಿಗೆ ಬದಲು ಶುಕ್ರವಾರ ಲೈನಿನ ಒಂದೊಂದು ಮನೆಯಿಂದ ಒಂದೊಂದು ಹೆಂಗಸು ಧಣಿ ಮನೆಯ ಅಂಗಳ, ಹಿತ್ತಿಲು, ದನದ ಕೊಟ್ಟಿಗೆ ಬಳಿದು ಬರಬೇಕು. ಪಿಯುಸಿಯಲ್ಲಿ ಇಂಗ್ಲಿಷು ನನಗೆ ಎರಡು ಸಲ ಕೈಕೊಟ್ಟಿತು, ನಾನು ಕಣಕ್ಕೆ ಬಂದೆ. ತುಳಸಿಗೆ ಯಾವುದೂ ಕೈಕೊಡಲಿಲ್ಲ. ಹೊಸಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿಎಸ್ಸಿ ಮಾಡಿದಳು. ಸರ್ಕಾರದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿ, ಮಣ್ಣಿನ ಮೇಲೆ ಎಂಎಸ್ಸಿ ಓದಲು ಇಂಗ್ಲೆಂಡಿನ ಲೆಸ್ಟರ್ ಅನ್ನುವ ಊರಿಗೆ ಹೋದಳು. ಸುಳ್ಳು ಯಾಕೆ ಹೇಳಲಿ, ಆಕೆ ಹೋದ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು. ಆಕೆಯ ಸೂಟ್‌ಕೇಸು ತುಂಬುತ್ತಲೇ ಅತ್ತೆ. ಆಕೆ ತನಗಾಗಿ ಅಳುತ್ತಿದ್ದೇನೆ ಅಂದುಕೊಂಡಳು, ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ.

ಕಾಲೇಜಿನ ಫೀಸು ಸರ್ಕಾರ ಕಟ್ಟಿತು. ಊಟಕ್ಕೆ, ರೂಮಿಗೆ ಅಂತ ಬರಬೇಕಿದ್ದದ್ದು ಬರಲಿಲ್ಲ. ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿದರೆ ಫೈಲು ಮೇಲೆ ಹೋಗಿದೆ ಅನ್ನುತ್ತಿದ್ದರು. ತುಳಸಿ ಕೆಲಸ ಹುಡುಕಲು ಶುರು ಮಾಡಿದಳು. ದಿನಾ ಆಕೆಯ ವಾಯ್ಸ್ ಮೆಸೇಜು ಬರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಫೋನನ್ನು ನಡುವೆ ಇಟ್ಟುಕೊಂಡು ನಾನು, ಅವ್ವ, ಬಸಕ್ಕ ಕೇಳುತ್ತಿದ್ದೆವು.

"ಅಕ್ಕಾ, ಇವತ್ತ ಮೂವತ್ತು ಅಂಗಡಿ ಹೊಕ್ಕು ಬಂದೆ. ಎಲ್ಲರೂ ಭಾಳ ಚಂದ ನಗ್ತಾರ. ಕಾಗದ ತಗಂತಾರ, ಆನ್‌ಲೈನಿನ್ಯಾಗ ಹಾಕು ಅಂತಾರ. ಆನ್‌ಲೈನಿನ್ಯಾಗ ಹಾಕಿದ್ರ ಈ ದೇಶದಾಗ ಮೊದ್ಲು ಎಲ್ಲಿ ದುಡದೀ ಅಂತ ಕೇಳ್ತೈತಿ. ಯಾರೂ ಕೊಡದ ಮೊದ್ಲು ಎಲ್ಲಿ ದುಡ್ಯಾದು? ಕಡೀಗೆ ಕಂಪ್ಲಿ ರೈಸ್ ಮಿಲ್, ಹನ್ನೊಂದು ವರ್ಷ ಅಂತ ಬರ್ದೆ."

ನಾವು ನಕ್ಕೆವು. ಸುಳ್ಳಲ್ಲ, ಹತ್ತನೇ ವಯಸ್ಸಿನಿಂದ ರಜೆಯಲ್ಲೆಲ್ಲ ಆಕೆ ಈ ಕಣದಲ್ಲೇ ಕಾಲೆಳೆದವಳು.

"ಅದಕ್ಕೇನಂದ್ರಂತ ಕೇಳೇ," ಎಂದಳು ಬಸಕ್ಕ.

ಉತ್ತರ ಮರುದಿನ ಬಂತು. "ನಿನ್ನ ಬಗ್ಗೆ ಹೇಳೋರು ಯಾರು, ಹೆಸರು ಫೋನ್ ನಂಬರ್ ಕೊಡು ಅಂದ್ರು. ಧಣಿ ಹೆಸರು ಕೊಡಾಕ ಮನಸ್ಸು ಬರ್ಲಿಲ್ಲಕ್ಕಾ."

ಒಂದು ಕಾಫಿ ಅಂಗಡಿಯವರು ಕರೆದು ನಾಲ್ಕು ತಾಸು ಲೋಟ ತೊಳೆಸಿಕೊಂಡರು. ಅದಕ್ಕೆ ಟ್ರಯಲ್ ಅನ್ನುತ್ತಾರಂತೆ. ಕೆಲಸ ನೋಡುವುದಕ್ಕೆ ಅಷ್ಟೇ, ಪಗಾರ ಇಲ್ಲ. ತಿಳಿಸುತ್ತೇವೆ ಅಂದವರು ತಿಳಿಸಲಿಲ್ಲ. ಇನ್ನೊಂದು ಕಡೆಯೂ ಹಾಗೇ ಆಯಿತು. ಗೋದಾಮಿನ ಏಜೆಂಟರು ಹೆಸರು ಬರೆದುಕೊಂಡು, ಬೆಳಗಿನ ನಾಲ್ಕಕ್ಕೆ ಮೆಸೇಜು ಬಂದರೆ ಬಾ, ಬರದಿದ್ದರೆ ಇಲ್ಲ ಅಂದರು. ಆಕೆ ನಾಲ್ಕಕ್ಕೆ ಎದ್ದು ಶೂ ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದಳು. ಒಂದು ತಿಂಗಳಲ್ಲಿ ಎರಡು ಸಲ ಬಂತು. ವಿಡಿಯೋದಲ್ಲಿ ಆಕೆಯ ಗಲ್ಲದ ಮೂಳೆ ಕಾಣುತ್ತಿತ್ತು. ಏನು ಉಂಡೆ ಅಂತ ಅವ್ವ ಕೇಳಿದರೆ ಬ್ರೆಡ್ಡು ಅನ್ನುತ್ತಿದ್ದಳು. ಮರುದಿನವೂ ಬ್ರೆಡ್ಡು.

ಆಗ ಆ ಮಾತು ಆಡಿದವಳು ನಾನು. "ಧಣಿ ಅಳಿಯನ ಹೋಟ್ಲು ಅದೇ ಊರಾಗ ಐತಂತಲ್ಲವ್ವ. ಒಂದು ಮಾತು ಕೇಳಿದ್ರ ಏನು ಹೋಗ್ತೈತಿ?"

ತುಳಸಿಗೆ ಹೇಳಿದಾಗ ಸಿಟ್ಟಿಗೆದ್ದಳು. "ಬ್ಯಾಡಕ್ಕಾ. ಉಪಾಸ ಇರ್ತೀನಿ, ಅವರ ಮನಿ ಬಾಗ್ಲಿಗೆ ಮಾತ್ರ ಹೋಗಬ್ಯಾಡ್ರಿ."

ಉಪವಾಸ ಅನ್ನುವ ಮಾತನ್ನು ಅವ್ವನಿಗೆ ತಡೆಯಲಾಗಲಿಲ್ಲ, ಹೋಗಿಯೇ ಬಿಟ್ಟಳು. ನಮ್ಮ ಜನ ದೊಡ್ಡ ಮನೆಯವರ ಹತ್ತಿರ ಕೆಲಸ ಕೇಳುವುದಕ್ಕೆ ಒಂದು ರೀತಿ ಇದೆ. ಅರ್ಜಿ ಕೊಡುವುದಿಲ್ಲ, ಮಕ್ಕಳನ್ನು ಉಡಿಗೆ ಹಾಕುತ್ತೇವೆ. ಅವ್ವ ತುಳಸಿಯ ಪಾಸ್‌ಪೋರ್ಟ್ ಫೋಟೋ, ಒಂದು ತೆಂಗಿನಕಾಯಿ, ಒಂದು ಕುಬುಸದ ಖಣ ತಗೊಂಡು ಹೋದಳು. ಧಣಿಯ ಹೆಂಡತಿ ಮರುಳಸಿದ್ದಮ್ಮ ಕಟ್ಟೆಯ ಮೇಲಿಂದಲೇ ಸೆರಗು ಕೆಳಗೆ ಚಾಚಿದಳು. ಅವ್ವ ಮೆಟ್ಟಿಲ ಕೆಳಗೆ ನಿಂತು, ಕೈ ತಾಗದ ಹಾಗೆ ಎಲ್ಲವನ್ನೂ ಅದರೊಳಗೆ ಬಿಟ್ಟಳು.

"ನಿಮ್ಮ ಉಡ್ಯಾಗ ಹಾಕೀನ್ರಿ ಅಮ್ಮಾರ. ಸಾಕಿದ್ರೂ ನೀವ, ಕೊಂದ್ರೂ ನೀವ."

"ಆತು ಬಿಡು ವಿರುಪವ್ವ. ಇನ್ನ ಆಕಿ ನಮ್ಮ ಹುಡುಗಿ."

ಅವ್ವ ಖುಷಿಯಿಂದ ಓಡೋಡಿ ಬಂದು ಹೇಳಿದಳು. ನಾನೂ ಖುಷಿಪಟ್ಟೆ. ಒಂದು ವಾರದಲ್ಲಿ ತುಳಸಿಗೆ ಮಲ್ಲೇಶನ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸವಾಯಿತು.

ಕಾಗದದ ಮೇಲೆ ಇಪ್ಪತ್ತು ತಾಸು. ಓದಲು ಬಂದ ಹೊರದೇಶದವರಿಗೆ ಅಲ್ಲಿನ ಸರ್ಕಾರ ಅಷ್ಟನ್ನೇ ಬಿಟ್ಟಿದೆ. ಮೀರಿದರೆ ವೀಸಾ ಹೋಗುತ್ತದೆ. ಮೊದಲ ತಿಂಗಳು ಇಪ್ಪತ್ತೇ ಇತ್ತು. ಆಮೇಲೆ ಹೋಟೆಲು ಮುಚ್ಚಿದ ಮೇಲಿನ ತೊಳೆಯುವ ಕೆಲಸ ತಾಸಿನ ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಭಾನುವಾರ ಮನೆಗೆ ಬಾ ಅಂದರು, ಅವನ ಹೆಂಡತಿ, ಧಣಿಯ ಮಗಳು ಕಾವ್ಯಗೆ ಎಳೆಕೂಸಿತ್ತು. ಕೂಸಿನ ಬಟ್ಟೆ, ಮನೆಯ ಕಸ, ಇಸ್ತ್ರಿ, ಬಂದವರಿಗೆ ರೊಟ್ಟಿ. ಬರಬರುತ್ತ ಭಾನುವಾರದ ಜೊತೆ ಬುಧವಾರ, ಶುಕ್ರವಾರವೂ ಸೇರಿತು. ಇದಕ್ಕೆ ಸಂಬಳ ಕೇಳಿದಾಗ ಮಲ್ಲೇಶ ನಕ್ಕನಂತೆ. "ಮನಿ ಮಗಳಿಗೆ ಸಂಬಳ ಏನೇ? ನಿಮ್ಮವ್ವ ನಿನ್ನ ನಮ್ಮತ್ತಿ ಉಡಿಗೆ ಹಾಕ್ಯಾಳ ಅಲ್ಲೇನು?"

"ಅವ್ವಾ, ಅವರ ಅಡಿಗೆಮನಿ ಸಿಂಕಿನ ಕೆಳಗ ನನಗ ಒಂದು ಲೋಟ ಬ್ಯಾರೆ ಇಟ್ಟಾರ," ಎಂದಳು ಒಂದು ದಿನ. ಇಲ್ಲಿ ನಮ್ಮ ಲೋಟ ದನದ ಕೊಟ್ಟಿಗೆಯ ಗೋಡೆಯ ಮೇಲಿರುತ್ತದೆ, ಅದಕ್ಕೂ ಅವ್ವ ಎಂದೂ ಏನೂ ಅಂದವಳಲ್ಲ.

ಡಿಸೆಂಬರಿನ ಒಂದು ಶುಕ್ರವಾರ ನನ್ನ ಸರದಿ. ನಾನು ಧಣಿ ಮನೆಯ ಅಂಗಳ ಬಳಿಯುತ್ತಿದ್ದೆ. ಮರುಳಸಿದ್ದಮ್ಮ ತೂಗುಮಂಚದ ಮೇಲೆ ಕೂತು ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಏನು ಮನಸ್ಸಿಗೆ ಬಂತೋ, ಫೋನನ್ನು ನನ್ನ ಕಡೆ ತಿರುಗಿಸಿದಳು. "ನೋಡೇ ಭಾಗ್ಯ, ನಿನ್ನ ತಂಗಿ."

ತುಳಸಿ ಮೊಣಕಾಲೂರಿ ಕಾವ್ಯಳ ಮನೆಯ ಪಡಸಾಲೆಯ ನೆಲ ಒರೆಸುತ್ತಿದ್ದಳು. ಕಾವ್ಯಳೂ ಆಕಡೆ ಫೋನನ್ನು ಆಕೆಯ ಮುಖದ ಹತ್ತಿರ ಹಿಡಿದು, "ಯಾರು ನೋಡು," ಅಂದಳು. ನನ್ನ ಕೈಯಲ್ಲಿ ಪೊರಕೆ, ಆಕೆಯ ಕೈಯಲ್ಲಿ ಒದ್ದೆ ಬಟ್ಟೆ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದೆವು. ಅಮ್ಮ ಮಗಳು ಎರಡೂ ಕಡೆಯಿಂದ ಕಿಲಕಿಲ ನಕ್ಕರು. "ಎಷ್ಟ್ ಚಂದ ಒರಸ್ತಾಳವ್ವ, ನೀ ಕಲಿಸಿದ್ದೇನು?" ಅಂತ ಮರುಳಸಿದ್ದಮ್ಮ ನನ್ನನ್ನೇ ಕೇಳಿದಳು. ತುಳಸಿ ಮುಖ ತಿರುಗಿಸಿಕೊಂಡಳು. ನನಗೆ ಆ ಪೊರಕೆಯನ್ನು ಆ ಹೆಂಗಸಿನ ಬಾಯಿಗೆ ತುರುಕಬೇಕು ಅನ್ನಿಸಿತ್ತು. ತುರುಕಲಿಲ್ಲ. ಹೌದ್ರಿ ಅಮ್ಮಾರ ಅಂದೆ.

ಅವತ್ತೇ ಆಕೆಗೆ ಫೋನ್ ಮಾಡಿ ಬಿಟ್ಟುಬಿಡು ಅಂದೆ.

"ಹೆಂಗ ಬಿಡಲಕ್ಕಾ? ಬಿಟ್ರ ಬರೀತೀನಿ ಅಂತಾನ, ಈ ಹುಡುಗಿ ನಲವತ್ತೈದು ತಾಸು ದುಡೀತಾಳ ಅಂತ. ಕ್ಯಾಶ್ ಕೊಟ್ಟೀನಿ ಅಂತ ಹೇಳ್ತಾನಂತ. ಸಿಕ್ಕಿಬಿದ್ರ ಅವನಿಗೆ ದಂಡ ಹಾಕ್ತಾರ, ಕಟ್ತಾನ. ನನ್ನ ಮಾತ್ರ ಊರಿಗೆ ಕಳಿಸ್ತಾರ. ಬ್ಯಾರೆ ಕೆಲ್ಸಕ್ಕ ಹೋದ್ರೂ ಮೊದಲಿನ ಮಾಲೀಕನ್ನ ಕೇಳ್ತಾರ. ಯಾ ಕಡೆ ಹೋಗ್ಲಿ ನಾನು?"

ಜನವರಿಯಲ್ಲಿ ಕಾಲೇಜಿನವರು ಪತ್ರ ಕೊಟ್ಟರು, ತರಗತಿ ಹೀಗೇ ತಪ್ಪಿಸಿದರೆ ಹೆಸರು ತೆಗೆಯುತ್ತೇವೆ ಅಂತ. ಅದನ್ನು ತೋರಿಸಿ ಪರೀಕ್ಷೆಗೆ ಎರಡು ದಿನ ರಜೆ ಕೇಳಿದಳು. ಮಲ್ಲೇಶ, "ನಿಮ್ಮಪ್ಪ ಜ್ವರ ಬಂದ್ರೂ ನಮ್ಮ ಮಾವನ ಮಿಲ್ಲಿನ್ಯಾಗ ಚೀಲ ಹೊರ್ತಾನ. ನಿಂದೇನೇ ಪರೀಕ್ಷಿ ಸೊಕ್ಕು?" ಅಂದ. ತುಳಸಿ ಸೊಂಟದ ಏಪ್ರನ್ ಬಿಚ್ಚಿ ಬೇಸಿನ್ನಿನ ಮೇಲಿಟ್ಟು ಹೊರಗೆ ನಡೆದಳು. ಮಲ್ಲೇಶ ಹುಡುಕಿಕೊಂಡು ಬಂದಾನು ಅಂತ ಈಗ ನಾಲ್ಕು ದಿನದಿಂದ ಒಬ್ಬ ಗೆಳತಿಯ ರೂಮಿನ ನೆಲದ ಮೇಲೆ ಮಲಗುತ್ತಿದ್ದಳು. ಪರೀಕ್ಷೆ ಬರೆದಿದ್ದಳು, ಚೆನ್ನಾಗಿ ಬರೆದೆ ಅಂದಿದ್ದಳು.

ಸಂಜೆ ಕಣದಿಂದ ಬಂದು ಅವ್ವ ಒಲೆಯ ಮುಂದೆ ಪುಂಡಿಸೊಪ್ಪು ಸೋಸುತ್ತ ಕೂತಳು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಒದ್ದಾಡುತ್ತಿದ್ದ.

"ಸೆಪ್ಟೆಂಬರ್ ತನಕ ಅಲ್ಲೇನು? ಏಳು ತಿಂಗ್ಳು. ಹಲ್ಲು ಕಚ್ಚಿ ತಡಕಂಡ್ರ ಡಿಗ್ರಿ ಕೈಗೆ ಬರ್ತೈತಿ. ನಾನು ಇಷ್ಟು ವರ್ಷ ತಡಕಂಡಿಲ್ಲೇನು?"

"ನೀ ತಡಕಂಡು ಏನಾತಪ್ಪ?" ಅಂದೆ.

"ಮೂರ್ಖಿ, ಹಂಗ ತಡಕಂಡಿದ್ದಕ್ಕ ಆಕಿ ಅಲ್ಲಿ ತನ ಹೋದ್ಲು!" ಅಪ್ಪನ ಕಣ್ಣಲ್ಲಿ ನೀರು ಬಂತು. ಅಪ್ಪ ಹೇಳಿದ್ದೂ ನಿಜ.

"ತಪ್ಪು ನಂದವ್ವ," ಅಂದೆ. "ಧಣಿ ಮನೀಗೆ ಹೋಗು ಅಂದಾಕಿ ನಾನು."

"ಹೇಳಿದಾಕಿ ನೀನು. ಹಾಕಿ ಬಂದಾಕಿ ನಾನು," ಎಂದು ಅವ್ವ ಸೊಪ್ಪಿನ ದಂಟು ಮುರಿದಳು. ನಾಳೆ ಏನು ಹೇಳುತ್ತೀ ಅಂತ ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಮರುದಿನ ಹನ್ನೊಂದೂವರೆಗೆ ಮೆಟ್ಟಿಲ ಕೆಳಗೆ ನಿಂತೆವು. ಅಲ್ಲಿ ಆಗ ಬೆಳಗಿನ ಆರು. ಧಣಿ ಕುರ್ಚಿಯಲ್ಲಿ ಕೂತಿದ್ದ, ಮರುಳಸಿದ್ದಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಲಿನ ಮೆಟ್ಟಿಲ ಮೇಲೆ ಫೋನಿಟ್ಟು ಸ್ಪೀಕರ್ ಹಚ್ಚಿದರು. ಅದಕ್ಕೆ ಮಾತಾಡಬೇಕಾದರೆ ನಾವು ಬಗ್ಗಬೇಕಾಗಿತ್ತು.

"ಹಲೋ," ಎಂದಳು ತುಳಸಿ. ನಿದ್ದೆಗಣ್ಣಿನ ದನಿ.

"ನಿಮ್ಮಪ್ಪ ಅವ್ವ ಬಂದಾರ. ಕೇಳಿಸ್ಕ," ಎಂದು ಧಣಿ ಅಪ್ಪನಿಗೆ ಗದ್ದ ಎತ್ತಿ ಸನ್ನೆ ಮಾಡಿದ.

ಅಪ್ಪ ಬಗ್ಗಿದ. "ತುಳಸೀ, ಯವ್ವಾ. ನಾನವ್ವ. ಹೋಗಿಬಿಡು ಕೆಲ್ಸಕ್ಕ. ಧಣ್ಯಾರು ದೊಡ್ಡವ್ರು, ಒಂದು ಮಾತು ಅಂದ್ರ ಅಂದ್ರು. ಖೋಲಿ ಖಾಲಿ ಮಾಡು ಅಂತಾರವ್ವ. ನಾ ಈ ವಯಸ್ಸಿನ್ಯಾಗ ಯಾವ ಮಿಲ್ಲಿಗೆ ಹೋಗ್ಲಿ? ಯಾರು ಇಟ್ಕಂತಾರ ನನ್ನ?" ಮುಂದೆ ಮಾತು ಬರಲಿಲ್ಲ. ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ.

"ಅಳಬ್ಯಾಡಪ್ಪ," ಎಂದಳು ತುಳಸಿ. "ಹೋಗ್ತೀನಿ. ಇವತ್ತ ಹೋಗ್ತೀನಿ ಬಿಡು."

ಧಣಿ ಕುರ್ಚಿಗೆ ಬೆನ್ನು ಒರಗಿಸಿದ. "ಹಾಂ! ಇಷ್ಟಕ್ಕ ಊರೆಲ್ಲ ಡಂಗುರ. ವಿರುಪವ್ವ, ನೀನೂ ಒಂದು ಮಾತು ಹೇಳು. ಗಟ್ಟಿ ಆಗ್ಲಿ."

ಕೆಲಸ ಆಗಿಹೋಗಿತ್ತು. ಅವ್ವ ಹೂಂ ಅಂದಿದ್ದರೆ ಸಾಕಿತ್ತು, ನಾವು ಕಣಕ್ಕೆ ಹೋಗಬಹುದಿತ್ತು. ಅವ್ವ ಬಗ್ಗಲಿಲ್ಲ. ಮೆಟ್ಟಿಲ ಮೇಲಿನ ಫೋನನ್ನು ಕೈಯಲ್ಲಿ ಎತ್ತಿಕೊಂಡಳು. ಧಣಿಯ ಫೋನು. ಮರುಳಸಿದ್ದಮ್ಮ "ಏಯ್ ಏಯ್" ಅಂದಳು.

"ತುಳಸೀ, ನಿಮ್ಮ ಕಾಲೇಜಿನ್ಯಾಗ ತಕರಾರು ಕೇಳೋರು ಯಾರನ ಅದಾರೇನು?"

"ಅದಾರವ್ವ. ಯಾಕ?"

"ಎಷ್ಟೊತ್ತಿಗೆ ಬಾಗ್ಲ ತೆಗೀತಾರ?"

"ಒಂಬತ್ತಕ್ಕ."

"ಮುಖ ತೊಳ್ಕಂಡು ಅಲ್ಲಿಗೆ ಹೋಗು. ಇಪ್ಪತ್ತು ತಾಸು ಅಂದಿದ್ರಿ, ನಲವತ್ತೈದು ತಾಸು ಹಿಂಡಿದ್ರು ಅಂತ ನೀನ ಹೇಳು. ಅವ ಯಾ ಹೊತ್ತಿನ್ಯಾಗ ಬಾ ಅಂತ ಫೋನಿಗೆ ಬರ್ದಿದ್ದು ಅದಾವಲ್ಲ, ಎಲ್ಲಾ ತೋರ್ಸು. ಅವ ಬರ್ದು ಕಳ್ಸಾಕಿಂತ ಮೊದ್ಲು ನಿನ್ನ ಬಾಯಿಂದ ಕೇಳ್ಲಿ ಅವ್ರು."

"ಅವ್ವಾ, ಹೇಳಿದ್ರ ನನ್ನ ಕಳ್ಸಿಬಿಡಬೌದು. ತಪ್ಪು ನಂದೂ ಐತಿ ಅಂತಾರ. ಓದು ಎಲ್ಲಾ ಹೋಗ್ತೈತಿ."

"ಹೋದ್ರ ಕುಂತು ಅಳೋಣು. ನೀನೂ ಅಳು, ನಾನೂ ಅಳ್ತೀನಿ. ನನಗೇನು ಸಂಕಟ ಇಲ್ಲಂತ ತಿಳ್ದೀಯೇನು? ಹೊಟ್ಟಿ ಉರೀತೈತಿ. ಆದ್ರ ಆ ಮನೀಗೆ ಹೋಗಬ್ಯಾಡ. ನೀ ಹೋದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ."

ಧಣಿ ಎದ್ದು ಬಂದು ಫೋನ್ ಕಸಿದುಕೊಂಡ. ಅವ್ವನ ಕೆನ್ನೆಗೂ ಒಂದು ಏಟು ಬಿತ್ತು. "ಬೋಸುಡಿ! ನನ್ನ ಫೋನ್ ಮುಟ್ಟಿ ನನ್ನ ಅಳಿಯನ್ನ ಹಿಡ್ಕೊಡಾಕ ಹೇಳ್ತೀಯೇನೇ?"

"ನೀನ ಅಲ್ಲೇನೇ ನನ್ನ ಉಡ್ಯಾಗ ಹಾಕಿದಾಕಿ?" ಎಂದಳು ಮರುಳಸಿದ್ದಮ್ಮ. ಆಕೆಗೆ ನಿಜವಾಗಿಯೂ ನೋವಾದಂತಿತ್ತು. "ನಂಬಿಕಿ ದ್ರೋಹ ಮಾಡ್ತೀಯೇನೇ?"

"ತಪ್ಪು ಮಾಡಿದ್ನಿ ಅಮ್ಮಾರ," ಎಂದಳು ಅವ್ವ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ನನ್ನ ಕೈ ಹಿಡಿದುಕೊಂಡು ಹೊರಟಳು.

ಒಂದು ತಾಸಿನಲ್ಲಿ ಮ್ಯಾನೇಜರ್ ಜಂಬುನಾಥ್ ಇಬ್ಬರು ಆಳುಗಳನ್ನು ಕರೆತಂದು ಖೋಲಿಯ ಸಾಮಾನೆಲ್ಲ ಅಂಗಳಕ್ಕೆ ಹಾಕಿಸಿದ. ಎರಡು ಟ್ರಂಕು, ಗ್ಯಾಸ್ ಒಲೆ, ಹಾಸಿಗೆ ಸುರುಳಿ, ತುಳಸಿಯ ಪುಸ್ತಕ ತುಂಬಿದ್ದ ಗೊಬ್ಬರದ ಚೀಲ. "ನನ್ನ ಕೈಯಾಗ ಏನೈತಿ, ನೀವ ಹೇಳ್ರಿ," ಎಂದು ನನ್ನ ಕಡೆ ನೋಡದೆ ಬೀಗ ಹಾಕಿದ. ಕಣದಲ್ಲಿ ಹೆಂಗಸರು ಕಾಲೆಳೆಯುತ್ತಲೇ ಇದ್ದರು. ಯಾರೂ ನಿಲ್ಲಿಸಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬಂತು. ನಿನ್ನೆ ಅಪ್ಪ ಚೀಲ ಹೊತ್ತು ನಿಂತಾಗ ನಾನೂ ಹೀಗೇ ಕಾಲಾಡಿಸಿದ್ದೆ. ಬಸಕ್ಕ ಮಾತ್ರ ಸಾಲಿನಿಂದ ಹೊರಗೆ ಬಂದು ಒಂದು ಟ್ರಂಕು ತಲೆ ಮೇಲೆ ಹೊತ್ತು ಗೇಟಿನ ತನಕ ಬಿಟ್ಟು ವಾಪಸು ಸಾಲಿಗೆ ಹೋದಳು.

ಅಪ್ಪ ಕಾಣಲಿಲ್ಲ. ಹುಡುಕುತ್ತ ಹೋದರೆ ಲಾರಿಯ ಹತ್ತಿರ ಇದ್ದ. ಬೆನ್ನಿಗೆ ಗೋಣಿ ಹೊದ್ದು, ಹಲಗೆಯ ಕೆಳಗೆ ಬಗ್ಗಿ ನಿಂತಿದ್ದ. ಮೇಲೆ ನಿಂತಿದ್ದ ಇಬ್ಬರು ಹಮಾಲರು ಚೀಲ ಹಿಡಿದುಕೊಂಡೇ ಅವನನ್ನು ನೋಡುತ್ತಿದ್ದರು, ಅವನ ಮೇಲೆ ಇಡಲಿಲ್ಲ. "ಇಡ್ರಲೇ," ಎನ್ನುತ್ತಿದ್ದ ಅಪ್ಪ. "ಇಡ್ರಲೇ, ಹೊತ್ತು ಹೋಗ್ತೈತಿ." ನಾನು ಹೋಗಿ ಗೋಣಿ ತೆಗೆದು, ರಟ್ಟೆ ಹಿಡಿದು ಕರೆದುಕೊಂಡು ಬಂದೆ.

ಮಿಲ್ಲಿನ ಗೇಟಿನ ಎದುರು ಹೊಸಪೇಟೆ ಬಸ್ಸು ನಿಲ್ಲುತ್ತದೆ. ಪಕ್ಕದಲ್ಲಿ ಎರ್ರಮ್ಮನ ಚಹದ ಅಂಗಡಿ. ಪಾಪಿನಾಯಕನಹಳ್ಳಿಯಲ್ಲಿ ಚಿಕ್ಕಪ್ಪನ ಮನೆಯಿದೆ. ಒಂದೆರಡು ದಿನ ಇರಬಹುದು, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ನಾನು ಎರ್ರಮ್ಮನ ಅಂಗಡಿಯಲ್ಲಿ ಫೋನ್ ಚಾರ್ಜಿಗೆ ಹಾಕಿ ಪಕ್ಕದಲ್ಲೇ ನಿಂತೆ.

ಎರಡೂವರೆಗೆ ಮೊದಲ ಮೆಸೇಜು ಬಂತು. "ಬಾಗ್ಲ ಮುಂದ ಅದೀನಿ." ಆಮೇಲೆ, "ನನ್ನ ಮುಂದ ಇಬ್ರು ಅದಾರ. ಮಲ್ಲೇಶ ಹದಿನೇಳು ಸಲ ಫೋನ್ ಮಾಡ್ಯಾನ." ಆಮೇಲೆ, "ಅಕ್ಕಾ, ವಾಪಸ್ ಹೋಗಿಬಿಡ್ಲೇನು ಅನ್ನಸ್ತೈತಿ. ಅವ್ವಗ ಹೇಳಬ್ಯಾಡ." ನಾನು ಅವ್ವನಿಗೆ ಅದನ್ನು ಓದಲಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಇನ್ನೊಂದು ಬಂತು.

"ಒಳಗ ಕರದ್ರು."

ಅದನ್ನು ಓದಿ ಹೇಳಿದೆ. ಅವ್ವ ಟ್ರಂಕಿನ ಮೇಲೆ ಕೂತಿದ್ದವಳು ಎದ್ದು ನಿಂತಳು. ಒಂದು ಕೆನ್ನೆ ಊದಿಕೊಂಡಿತ್ತು.

ಮೂರೂವರೆಯ ಬಸ್ಸು ಬಂತು. ಅಪ್ಪ ಹಾಸಿಗೆ ಸುರುಳಿ ಎತ್ತಿಕೊಂಡ. "ಆಮ್ಯಾಲ ಹೋಗೋಣು," ಎಂದಳು ಅವ್ವ. "ದಾರ್ಯಾಗ ಫೋನ್ ಸಿಗಂಗಿಲ್ಲ." ಆ ಬಸ್ಸು ಹೋಯಿತು. ನಾಲ್ಕೂಕಾಲರ ಬಸ್ಸೂ ಹೋಯಿತು. ನಾನು ಏನಾತು ಅಂತ ಕೇಳಿ ಎರಡು ಸಲ ಕಳಿಸಿದೆ. ಆಕೆ ನೋಡಿರಲಿಲ್ಲ. ಮಿಲ್ಲಿನೊಳಗೆ ಸಂಜೆಯ ಭತ್ತ ಗುಡ್ಡೆ ಮಾಡುವ ಸದ್ದು ಕೇಳುತ್ತಿತ್ತು.

ಐದು ಗಂಟೆಗೆ ಇನ್ನೊಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ನಮ್ಮ ಟ್ರಂಕು, ಒಲೆ, ಪುಸ್ತಕದ ಚೀಲವನ್ನೆಲ್ಲ ನೋಡಿದ. "ಬರ್ತೀರೇನ್ರಿ? ಜಲ್ದಿ ಹತ್ರಿ, ಸಾಮಾನು ಮ್ಯಾಲ ಹಾಕ್ರಿ."

"ಇನ್ನಾ ಒಳಗ ಅದಾಳಪ್ಪ," ಎಂದಳು ಅವ್ವ ಅವನಿಗೆ. "ನೀವು ಹೋಗ್ರಿ."

ಅವನಿಗೆ ಏನು ಅರ್ಥವಾಯಿತೋ, ಒಂದು ಗಳಿಗೆ ಮಿಲ್ಲಿನ ಗೇಟಿನ ಕಡೆ ನೋಡಿ ಸೀಟಿ ಊದಿದ.